ಜ್ವರದ ಕವರು ಖಾಲಿಯಾಗದಂತೆ ನೋಡಿಕೊಂಡವರಿಗೆ

ಮಕ್ಕಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣಿಸುವ ಕ್ಯಾನ್ಸರ್ ಎಂದರೆ ರಕ್ತದ ಕ್ಯಾನ್ಸರ್. ಅದರಲ್ಲಿ ಎ.ಎಲ್.ಎಲ್. (ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲುಕೇಮಿಯಾ) ಎನ್ನುವ ಬಗೆಯದಕ್ಕೆ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ನಡೆಯುತ್ತದೆ. ಇಂಥ ಮಕ್ಕಳ ಮನೆಗಳಿಗೆ ನೆರವಾಗಲು ಈ ನಿಧಿ ಶುರುಮಾಡಿದ ದಿನ ನಾವು ಕೊಟ್ಟ ಮಾತು ಒಂದೇ: ಹೆಸರು ಬರೆದುಕೊಂಡ ಮಗುವಿನ ಕೈಯನ್ನು ಕೊನೆಯ ಮಾತ್ರೆಯವರೆಗೂ ಬಿಡುವುದಿಲ್ಲ. ಈಗ ಮೊದಲ ತಂಡದ ಮಕ್ಕಳ ಮಾತ್ರೆ ಮುಗಿದಿದೆ. ಇನ್ನು ಅವರು ಬೆಂಗಳೂರಿಗೆ ಬರುವುದು ತಪಾಸಣೆಗೆ ಮಾತ್ರ. ಎಲ್ಲ ಮಕ್ಕಳೂ ಈ ದಿನದವರೆಗೆ ಬರಲಿಲ್ಲ. ಆ ಮನೆಗಳ ವಿಷಯ ಆ ಮನೆಗಳದ್ದು, ಇಲ್ಲಿ ಬರೆಯುವುದಿಲ್ಲ. ಕೊಟ್ಟವರಿಗೆ ಧನ್ಯವಾದ ಹೇಳುವಾಗ ಹಣ ಯಾವ ಯಾವ ತೂತು ಮುಚ್ಚಿತು ಎಂದೂ ಹೇಳಬೇಕು, ಅದು ನಿಮ್ಮ ಹಕ್ಕು. ಜಮಾ ಖರ್ಚಿನ ಪಟ್ಟಿ ಬೇರೆಯಾಗಿ ಕಳಿಸಿದ್ದೇವೆ. ಇದು ಆ ಪಟ್ಟಿಯ ಹಿಂದಿನ ಮಾತು.

ಕಾಯಿಲೆಯ ಹೆಸರು ಕೇಳಿದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಆಸ್ಪತ್ರೆಯ ದೊಡ್ಡ ಬಿಲ್ಲು. ಬಿ.ಪಿ.ಎಲ್. ಕಾರ್ಡಿರುವ ಮನೆಗೆ ಅದರ ದೊಡ್ಡ ಪಾಲನ್ನು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಹೊರುತ್ತದೆ, ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಎ.ಪಿ.ಎಲ್. ಆದರೆ ಚಿಕಿತ್ಸೆಗೆ ಸರ್ಕಾರ ನಿಗದಿಮಾಡಿದ ಪ್ಯಾಕೇಜ್ ದರದ ಶೇ. 30 ಮಾತ್ರ, ಅದಕ್ಕೂ ವರ್ಷಕ್ಕೆ 1.5 ಲಕ್ಷದ ಮಿತಿ. ಬಹಳ ಮನೆಗಳು ಎಡವುವುದು ಈ ಬಿಲ್ಲಿನಲ್ಲಲ್ಲ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ಬಂದ ತಾಯಿಗೆ ಬೆಂಗಳೂರಿನಲ್ಲಿ ಆಸ್ಪತ್ರೆಯಿರುವ ಹೊಸೂರು ರಸ್ತೆಯ ಆಸುಪಾಸಿನಲ್ಲಿ ಒಂದು ಕೋಣೆ ಬೇಕು, ಅದಕ್ಕೆ ಅಡ್ವಾನ್ಸ್ ಬೇಕು, ಗ್ಯಾಸ್ ಬೇಕು. ಊರಲ್ಲಿ ಉಳಿದ ಮಕ್ಕಳಿಗೆ ಊಟ ಹಾಕುವವರು ಬೇಕು. ಅಪ್ಪ ಕೂಲಿಗೆ ಹೋದರೆ ಆಸ್ಪತ್ರೆಗೆ ಜನ ಇಲ್ಲ, ಆಸ್ಪತ್ರೆಗೆ ಬಂದರೆ ಕೂಲಿ ಇಲ್ಲ. ಮೊದಲ ತಿಂಗಳ ಔಷಧಕ್ಕೇ ಮಗು ಎದ್ದು ಓಡಾಡತೊಡಗುತ್ತದೆ. ಆಗ 'ವಾಸಿಯಾಯಿತಲ್ಲ' ಎಂದು ಊರಿಗೆ ಹೊರಟುಬಿಡುವ ಮನಸ್ಸಾಗುತ್ತದೆ, ಕೈ ಖಾಲಿಯಾಗಿದ್ದರೆ ಇನ್ನೂ ಬೇಗ ಆಗುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಕಾಯಿಲೆ ಮರಳುತ್ತದೆ, ಎರಡನೇ ಸಲ ಬಗ್ಗಿಸುವುದು ಬಲು ಕಷ್ಟ. ಹಾಗಾಗಿ ತಿಂಗಳಿಗೆ ಇನ್ನೂರು ರೂಪಾಯಿ ತಪ್ಪದೆ ಕಳಿಸಿದವರಿಗೆ ನಮ್ಮ ಮೊದಲ ನಮಸ್ಕಾರ. ಒಮ್ಮೆಗೇ ದೊಡ್ಡ ಮೊತ್ತ ಕೊಟ್ಟವರು ಬೇಸರಿಸಬಾರದು, ಎರಡೂವರೆ ವರ್ಷದ ಬಾಡಿಗೆ ಕಟ್ಟಲು ಬೇಕಾದದ್ದು ಎರಡೂವರೆ ವರ್ಷ ಹರಿಯುವ ಹಣ.

ಈಗ ಜ್ವರದ ಕವರಿನ ವಿಷಯ. ಕೀಮೋ ಆದ ಮೇಲೆ ಬಿಳಿ ರಕ್ತಕಣಗಳು ಕುಸಿಯುತ್ತವೆ. ಅವುಗಳಲ್ಲಿ ಸೋಂಕಿನ ಜೊತೆ ಹೋರಾಡುವ ನ್ಯೂಟ್ರೋಫಿಲ್ ಕಣಗಳು ಒಂದು ಮೈಕ್ರೋಲೀಟರ್ ರಕ್ತಕ್ಕೆ 500ಕ್ಕಿಂತ ಕೆಳಗಿಳಿದಾಗ ಬರುವ ಜ್ವರ ಸಾಮಾನ್ಯ ಜ್ವರವಲ್ಲ, ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ನಂಜೇರಬಹುದು. 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿತೆಂದರೆ ಹೊರಡಬೇಕು, ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ಆಂಟಿಬಯೋಟಿಕ್ ನರಕ್ಕೆ ಹೋಗಬೇಕು. ಜ್ವರ ಬರುವುದು ಮಾತ್ರ ರಾತ್ರಿ ಎರಡಕ್ಕೆ, ಕೈಯಲ್ಲಿ ಕಾಸಿಲ್ಲದ ದಿನವೇ. ಅದಕ್ಕೆಂದೇ ಮನೆಗೊಂದು ಅಂಟಿಸಿದ ಕವರು: ಒಳಗೆ 2,000 ರೂಪಾಯಿ, ಐನೂರರ ಮೂರು ನೋಟು, ನೂರರ ಐದು, ಏಕೆಂದರೆ ನಡುರಾತ್ರಿ ಆಟೋದವರ ಹತ್ತಿರ ಚಿಲ್ಲರೆ ಇರುವುದಿಲ್ಲ. ಜೊತೆಗೆ ಒಂದು ಡಿಜಿಟಲ್ ಥರ್ಮಾಮೀಟರ್ ಮತ್ತು ಒಂದು ಕಾರ್ಡು. ಕಾರ್ಡಿನಲ್ಲಿ ಕಾಯಿಲೆಯ ಹೆಸರು, ರಕ್ತದ ಗುಂಪು, ಕೊನೆಯ ಕೀಮೋ ತಾರೀಖು, ವಾರ್ಡಿನ ಫೋನ್ ನಂಬರ್. ಊರಲ್ಲಿದ್ದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರು ಆ ಕಾರ್ಡು ನೋಡಿಯೇ ವಿಷಯ ತಿಳಿಯುತ್ತಾರೆ.

ಕವರಿನಲ್ಲಿ ನಾವು ಮೊದಲು ಮಾಡಿದ ತಪ್ಪು ಹಣದ್ದಲ್ಲ, ಮಾತಿನದು. ಕವರು ಒಡೆಯುವ ಮುಂಚೆ ನಮಗೆ ಫೋನ್ ಮಾಡಿ ಕೇಳುತ್ತಿದ್ದರು. 'ಬೇರೆಯವರ ದುಡ್ಡು, ಹೇಳದೆ ಹೇಗೆ ತೆಗೆಯೋದು' ಎಂಬ ಸಂಕೋಚ. ಫೋನ್ ಎತ್ತುವಷ್ಟರಲ್ಲಿ ಅರ್ಧ ಗಂಟೆ ಹೋಗುತ್ತಿತ್ತು. ಆಮೇಲೆ ಕವರಿನ ಮೇಲೆ ದಪ್ಪ ಅಕ್ಷರದಲ್ಲಿ 'ಕೇಳಬೇಡಿ, ಹೊರಡಿ' ಎಂದು ಬರೆಸಿದೆವು. ಇನ್ನೊಂದು ತೊಡಕು ಪ್ಯಾರಾಸಿಟಮಾಲ್. ಜ್ವರ ಕಂಡ ಕೂಡಲೇ ಮಾತ್ರೆ ಹಾಕಿದರೆ ಮೈ ತಣ್ಣಗಾಗುತ್ತದೆ, ಮನೆಯವರಿಗೆ ನೆಮ್ಮದಿಯಾಗುತ್ತದೆ, ಒಳಗಿನ ಸೋಂಕು ಮಾತ್ರ ತನ್ನ ಪಾಡಿಗೆ ಬೆಳೆಯುತ್ತದೆ. ವೈದ್ಯರನ್ನು ಕೇಳದೆ ಕೊಡಬಾರದು. ಹಣೆ ಮುಟ್ಟಿ ನೋಡಿ ಹೇಳುವ ಜ್ವರವನ್ನೂ ನಂಬುವಂತಿಲ್ಲ. ಅಂದ ಹಾಗೆ, ಥರ್ಮಾಮೀಟರಿನ ಸೆಲ್ ಸತ್ತಿರುವುದು ಗೊತ್ತಾಗುವುದೂ ಜ್ವರ ಬಂದ ರಾತ್ರಿಯೇ. ತಿಂಗಳಿಗೊಮ್ಮೆ ಒತ್ತಿ ನೋಡಿ ಎಂದು ಕಾರ್ಡಿನಲ್ಲೇ ಸೇರಿಸಿದ್ದೇವೆ.

ಹಣವನ್ನು ಖಾತೆಗೇ ಹಾಕಬಹುದಿತ್ತಲ್ಲ, ನೋಟು ಯಾಕೆ ಎಂದು ಹಲವರು ಕೇಳಿದಿರಿ. ಬಾಡಿಗೆ ಹಣವನ್ನು ಖಾತೆಗೇ ಹಾಕುತ್ತೇವೆ. ಆದರೆ ಪೂರ್ತಿ ಕೆ.ವೈ.ಸಿ. ಆಗದ 'ಸಣ್ಣ ಖಾತೆ'ಯಲ್ಲಿ ಒಮ್ಮೆಗೆ 50,000ಕ್ಕಿಂತ ಹೆಚ್ಚು ಇರುವಂತಿಲ್ಲ, ತಿಂಗಳಿಗೆ ತೆಗೆಯಬಹುದಾದದ್ದು 10,000, ವರ್ಷಕ್ಕೆ ಜಮಾ ಆಗಬಹುದಾದದ್ದು 1 ಲಕ್ಷ. ಮಿತಿ ದಾಟಿದರೆ ಹಣ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಬಹಳ ದಿನ ಬಳಸದ ಖಾತೆ ನಿಂತುಹೋಗಿರುತ್ತದೆ. ಇಂಥ ಖಾತೆಗಳನ್ನು ಸರಿಪಡಿಸಲು ಮಧ್ಯಾಹ್ನದ ಊಟ ಬಿಟ್ಟು ಸರತಿಯಲ್ಲಿ ನಿಂತ ನಿವೃತ್ತ ಬ್ಯಾಂಕ್ ನೌಕರರಿಗೆ ನಾವು ಋಣಿಗಳು.

ಕಾಗದಪತ್ರದ ಕೆಲಸ ಮಾಡಿದವರಿಗೂ ಅಷ್ಟೇ. ಯೋಜನೆಯ ಮಂಜೂರಾತಿ ನಿಲ್ಲುವುದು ಸಣ್ಣ ಕಾರಣಗಳಿಗೆ. ಮಗುವಿನ ಹೆಸರನ್ನು ರೇಷನ್ ಕಾರ್ಡಿಗೆ ಸೇರಿಸಿಯೇ ಇರುವುದಿಲ್ಲ. ಆಧಾರಿನಲ್ಲಿ ಒಂದು ಹೆಸರು, ಕಾರ್ಡಿನಲ್ಲಿ ಮನೆಯಲ್ಲಿ ಕರೆಯುವ ಹೆಸರು. ಐದು ವರ್ಷದ ಒಳಗೆ ಮಾಡಿಸಿದ ನೀಲಿ ಆಧಾರಿಗೆ ಬೆರಳಚ್ಚು ಇರುವುದಿಲ್ಲ, ಐದು ತುಂಬಿದ ಮೇಲೆ ಕೊಡಿಸಬೇಕು. ಆಸ್ಪತ್ರೆಗೆ ಹೊರಡುವ ಆತುರದಲ್ಲಿ ಇದು ಯಾರಿಗೆ ನೆನಪಿರುತ್ತದೆ? ಪ್ರತಿ ಮನೆಗೂ ಆಧಾರ್, ರೇಷನ್ ಕಾರ್ಡು, ಆಸ್ಪತ್ರೆಯ ಅಂದಾಜು ಪಟ್ಟಿ, ಬಯಾಪ್ಸಿ ವರದಿ ಸೇರಿಸಿ ಹತ್ತು ಪ್ರತಿ ಮಾಡಿ ಫೈಲಿಗೆ ಹಾಕಿಕೊಟ್ಟಿದ್ದೇವೆ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವಾಗಲೂ ಅದೇ ಫೈಲು ನೆರವಾಯಿತು. ಈ ಜೆರಾಕ್ಸಿಗೆ ಅಂಗಡಿಯವರು ಅರ್ಧ ದರ ಹಿಡಿದರು, ಆಮೇಲಾಮೇಲೆ ಅದನ್ನೂ ಕೇಳಲಿಲ್ಲ.

ಅಡುಗೆ ಸಾಮಾನು ಕೊಟ್ಟವರಿಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೊದಲ ನಾಲ್ಕೈದು ವಾರ ಮಗುವಿಗೆ ಸ್ಟೀರಾಯ್ಡ್ ನಡೆಯುತ್ತದೆ. ಆಗಿನ ಹಸಿವು ನೋಡಿದವರಿಗೇ ಗೊತ್ತು. ರಾತ್ರಿ ಹನ್ನೆರಡಕ್ಕೆ ಉಂಡ ಮಗು ಮೂರಕ್ಕೆ ಎದ್ದು ಮತ್ತೆ ಅನ್ನ ಕೇಳುತ್ತದೆ. ಹೊರಗಿನ ತಿಂಡಿ ಕೊಡುವಂತಿಲ್ಲ, ಅಮ್ಮನಿಗೆ ಆ ಹೊತ್ತಿಗೆ ಒಲೆ ಹಚ್ಚುವ ಶಕ್ತಿ ಇರುವುದಿಲ್ಲ. ಹದಿನೈದು ದಿನಕ್ಕೆ ಒಬ್ಬ ತಾಯಿಗೂ ಮಗುವಿಗೂ ನಾವು ಕೊಡುತ್ತಿದ್ದದ್ದು ಅಕ್ಕಿ 5 ಕೆ.ಜಿ., ಹಿಟ್ಟು 2 ಕೆ.ಜಿ., ತೊಗರಿಬೇಳೆ ಹೆಸರುಬೇಳೆ ತಲಾ 1 ಕೆ.ಜಿ., ಎಣ್ಣೆ 1 ಲೀಟರ್, ಅವಲಕ್ಕಿ 1 ಕೆ.ಜಿ., ಹುರಿಗಡಲೆ ಬೆಲ್ಲ ಅರ್ಧರ್ಧ ಕೆ.ಜಿ. ರಾತ್ರಿಯ ಹಸಿವಿಗೆ ಬಿಸಿನೀರಲ್ಲಿ ಕಲಸಿದ ಹುರಿಹಿಟ್ಟು ಎಲ್ಲಕ್ಕಿಂತ ಅನುಕೂಲವಾಯಿತು. ಪ್ರೀತಿಯಿಂದ ಉಪ್ಪಿನಕಾಯಿ, ಹಪ್ಪಳ ಕಳಿಸಿದವರು ಕ್ಷಮಿಸಬೇಕು. ಸ್ಟೀರಾಯ್ಡ್ ನಡೆಯುವಾಗ ಉಪ್ಪು ಹೆಚ್ಚಾದರೆ ಮೈ ಊದುತ್ತದೆ, ರಕ್ತದೊತ್ತಡ ಏರುತ್ತದೆ. ಅದನ್ನು ಬಂದ ನೆಂಟರಿಗೆ ಬಡಿಸಿದೆವು.

ಹಿಟ್ಟಿನಲ್ಲೂ ಒಂದು ಪಾಠ ಆಯಿತು. ಬೆಂಗಳೂರಿನ ಬುದ್ಧಿಯಿಂದ ಎಲ್ಲರಿಗೂ ರಾಗಿ ಕೊಟ್ಟೆವು. ಕಲಬುರಗಿ ಕಡೆಯ ತಾಯಂದಿರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ಹಿಟ್ಟು ಹಾಗೇ ಉಳಿಯುತ್ತಿತ್ತು. ಜೋಳದ ಹಿಟ್ಟು ತರಿಸಿದೆವು, ಅದೂ ಹಳೆಯದು. ಹಳೇ ಹಿಟ್ಟಿನಲ್ಲಿ ಜಿಗುಟು ಇರುವುದಿಲ್ಲ, ರೊಟ್ಟಿ ಬಡಿಯುವಾಗಲೇ ಹರಿಯುತ್ತದೆ. ಕೊನೆಗೆ ಜೋಳವನ್ನೇ ಕೊಂಡು ವಾರಕ್ಕೊಮ್ಮೆ ಬೀಸಿಸಿದೆವು. ಗಿರಣಿಯವರು ಬೀಸಿದ ಕೂಲಿ ತೆಗೆದುಕೊಳ್ಳಲಿಲ್ಲ. ದಾನಿಗಳ ಪಟ್ಟಿಯಲ್ಲಿ ಅವರ ಹೆಸರಿಲ್ಲ, ಅದು ನಮ್ಮ ಲೆಕ್ಕದ ಪುಸ್ತಕದ ದೋಷ.

ಪ್ಲೇಟ್ಲೆಟ್, ಅಂದರೆ ಕೀಮೋದಿಂದ ಇಳಿದುಹೋಗುವ, ರಕ್ತ ಹೆಪ್ಪುಗಟ್ಟಿಸುವ ಕಣ, ಕೊಟ್ಟವರಿಗೆ ಯಾವ ಪುಸ್ತಕವೂ ಸಾಲದು. ಪ್ಲೇಟ್ಲೆಟ್ಟನ್ನು 20ರಿಂದ 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸದಾ ಅಲುಗಾಡಿಸುತ್ತಾ ಇಡಬೇಕು, ಆದರೂ ಅದರ ಆಯುಸ್ಸು ಐದೇ ದಿನ. ಆಗಸ್ಟ್ 15ಕ್ಕೆ, ನವೆಂಬರ್ 1ಕ್ಕೆ ನಡೆಯುವ ದೊಡ್ಡ ರಕ್ತದಾನ ಶಿಬಿರಗಳಿಂದ ಕೆಂಪು ರಕ್ತಕಣಗಳ ದಾಸ್ತಾನು ತುಂಬುತ್ತದೆ, ಮುಂದಿನ ವಾರದ ಪ್ಲೇಟ್ಲೆಟ್ಟಿಗೆ ಪ್ರಯೋಜನವಿಲ್ಲ. ಹಾಗಾಗಿ ಶಿಬಿರದ ಬದಲು ಸರದಿ ಪಟ್ಟಿ ಮಾಡಿದೆವು. ಯಂತ್ರದಿಂದ ಪ್ಲೇಟ್ಲೆಟ್ ಮಾತ್ರ ತೆಗೆದು ಉಳಿದ ರಕ್ತವನ್ನು ಮೈಗೇ ಮರಳಿಸುವ ಎಸ್.ಡಿ.ಪಿ. ವಿಧಾನದಲ್ಲಿ ಒಬ್ಬ ದಾನಿಯಿಂದ ಸಿಗುವುದು ಸಾಮಾನ್ಯ ಪ್ಲೇಟ್ಲೆಟ್ಟಿನ ಸುಮಾರು ಆರು ಚೀಲಕ್ಕೆ ಸಮ. ದಾನಿಯ ಪ್ಲೇಟ್ಲೆಟ್ ಎಣಿಕೆ ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕು, ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು, ತೋಳಿನ ನರ ದಪ್ಪವಾಗಿರಬೇಕು. ಒಂದೂವರೆ ಎರಡು ಗಂಟೆ ಅಲುಗಾಡದೆ ಮಲಗಬೇಕು, ತುಟಿ ಜುಮ್ಮೆನ್ನುತ್ತದೆ, ಆಗ ಕ್ಯಾಲ್ಸಿಯಂ ಕೊಡುತ್ತಾರೆ. ಇಷ್ಟೆಲ್ಲ ತಿಳಿದೂ ಬಂದ ಕೆಲವರನ್ನು ವಾಪಸ್ ಕಳಿಸಬೇಕಾಯಿತು. ಕಾರಣ ಬೆಳಗಿನ ತಿಂಡಿ! ಮಸಾಲೆ ದೋಸೆಯೋ ಪೂರಿಯೋ ತಿಂದು ಬಂದರೆ ಜಿಡ್ಡು ರಕ್ತಕ್ಕೆ ಇಳಿದು ಪ್ಲಾಸ್ಮಾ ಹಾಲಿನಂತೆ ಬೆಳ್ಳಗಾಗುತ್ತದೆ, ಅದನ್ನು ತೆಗೆದುಕೊಳ್ಳುವುದಿಲ್ಲ. ಖಾಲಿ ಹೊಟ್ಟೆಯಲ್ಲಿ ಬಂದರೂ ತಲೆ ಸುತ್ತುತ್ತದೆ. ಎರಡು ಇಡ್ಲಿ, ಚಟ್ನಿ ಬೇಡ. ಆಫೀಸಿಗೆ ರಜೆ ಹಾಕಿ ಎರಡನೇ ಸಲ ಇಡ್ಲಿ ತಿಂದು ಬಂದವರಿಗೆ ವಿಶೇಷ ವಂದನೆ.

ಇನ್ನು ಓಡಾಟ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿಯ ಬಸ್ ಚಾರ್ಜು ಉಳಿಯಿತು. ಆದರೆ ಅದು ಇರುವುದು ಸಾಮಾನ್ಯ ಬಸ್ಸಿಗೆ, ರಕ್ತಕಣ ಕುಸಿದ ಮಗುವನ್ನು ಆ ನೂಕುನುಗ್ಗಲಿನಲ್ಲಿ ರಾತ್ರಿಯೆಲ್ಲ ಕೂರಿಸುವುದು ಒಳ್ಳೆಯದಲ್ಲ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪೂರ್ತಿ ರಿಯಾಯಿತಿ, ಜೊತೆಯವರಿಗೆ ಶೇ. 75. ನಿಗದಿತ ನಮೂನೆಗೆ ಆಸ್ಪತ್ರೆಯ ಸಹಿ, ಮೊಹರು ಹಾಕಿಸಿ ಕೌಂಟರಿನಲ್ಲಿ ಮಾಡಿಸಬೇಕು. ಈ ರಿಯಾಯಿತಿಯ ಸುದ್ದಿ ಬಹಳ ಮನೆಗಳಿಗೆ ಮುಟ್ಟಿಯೇ ಇರಲಿಲ್ಲ. ಕೌಂಟರಿನ ಮುಂದೆ ನಿಂತು ಟಿಕೆಟ್ ಮಾಡಿಸಿಕೊಟ್ಟ ಕಾಲೇಜು ಹುಡುಗರು ನಿಧಿಗೆ ಒಂದು ರೂಪಾಯಿ ಕೊಡದೆಯೂ ಬಹಳ ಉಳಿಸಿದರು.

ಆಸ್ಪತ್ರೆಯ ದಿನಗಳು ಮುಗಿದು ಮನೆಯಲ್ಲೇ ಮಾತ್ರೆ ನುಂಗುವ ಹಂತ ಸುಲಭ ಎಂದುಕೊಂಡಿದ್ದೆವು. ಅದೇ ಉದ್ದದ ಹಂತ, ತಪ್ಪುಗಳೂ ಅಲ್ಲೇ. ಒಂದು ಮಾತ್ರೆ ದಿನಾ, ಇನ್ನೊಂದು, ಮೆಥೊಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ವಾರದ್ದನ್ನು ದಿನಾ ಕೊಟ್ಟುಬಿಟ್ಟರೆ ಬಾಯಿ ಹುಣ್ಣಾಗಿ, ರಕ್ತಕಣ ನೆಲಕಚ್ಚಿ, ಪ್ರಾಣಕ್ಕೇ ಬರುತ್ತದೆ. ಓದು ಬಾರದ ಮನೆಗಳಿಗೆ ಏಳು ಖಾನೆಯ ಮಾತ್ರೆ ಡಬ್ಬಿ ಕೊಟ್ಟು, ವಾರದ ಮಾತ್ರೆಯ ಖಾನೆಗೆ ಕೆಂಪು ಟೇಪು ಸುತ್ತಿದೆವು. ಡಬ್ಬಿ ತುಂಬಿಸುವುದು ನರ್ಸ್ ಅಕ್ಕನವರ ಮುಂದೆ ಮಾತ್ರ. ಆ ಡಬ್ಬಿಗಳ ಖರ್ಚು ನಮ್ಮ ಲೆಕ್ಕದಲ್ಲಿ ಅತಿ ಸಣ್ಣ ಸಾಲು.

ಕ್ಯೂಆರ್ ಕೋಡಿನ ಮೂಲಕ 11, 51, 101 ಹಾಕಿದವರ ಹೆಸರು ನಮಗೆ ಗೊತ್ತೇ ಇಲ್ಲ. ನಮ್ಮ ಕೋಡಿನ ಮೇಲೆ ಇನ್ಯಾರೋ ತಮ್ಮ ಕೋಡು ಅಂಟಿಸಬಾರದೆಂದು ಗಾಜಿನ ಒಳಗಿಟ್ಟೆವು, ಪರದೆಯ ಮೇಲೆ ಬರುವ ಹೆಸರು ನೋಡಿಯೇ ಒತ್ತಿ ಎಂದು ಬರೆದೆವು. ಹುಂಡಿಗೆ ಎರಡು ಬೀಗ, ಕೀಲಿ ಇಬ್ಬರ ಹತ್ತಿರ, ಎಣಿಕೆ ಮೂವರ ಮುಂದೆ, ಅದೇ ದಿನ ಬ್ಯಾಂಕಿಗೆ. ದೇಣಿಗೆಗೆ ಆದಾಯ ತೆರಿಗೆ ವಿನಾಯಿತಿ ಪಡೆಯಲು 80ಜಿ ರಸೀದಿ ಕೇಳಿದವರಿಗೆ ಮತ್ತೊಮ್ಮೆ: ನಗದು 2,000 ದಾಟಿದರೆ ವಿನಾಯಿತಿ ಇಲ್ಲ, ಪ್ಯಾನ್ ಅಥವಾ ಆಧಾರ್‌ನಂಥ ಗುರುತಿನ ಸಂಖ್ಯೆ ಇಲ್ಲದೆ 10ಬಿಇ ಎಂಬ ದೇಣಿಗೆ ಪ್ರಮಾಣಪತ್ರ ಬರುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಈ ಲಾಭವೇ ಇಲ್ಲ. ಲಕ್ಕಿ ಡಿಪ್ ಇಡೋಣ ಎಂದವರ ಉತ್ಸಾಹಕ್ಕೆ ಥ್ಯಾಂಕ್ಸ್, ಆದರೆ 2007ರಿಂದ ರಾಜ್ಯದಲ್ಲಿ ಲಾಟರಿ ನಿಷೇಧವಿದೆ, ಆ ದಾರಿ ಬೇಡವೆಂದೆವು. ಹೊರದೇಶದ ಕನ್ನಡ ಕೂಟಗಳ ಗೆಳೆಯರಲ್ಲಿ ಕೆಲವರ ಹಣವನ್ನು ಹಿಂದಿರುಗಿಸಬೇಕಾಯಿತು. ಭಾರತದ ಪಾಸ್‌ಪೋರ್ಟ್ ಇದ್ದವರು ಬ್ಯಾಂಕಿನ ಮೂಲಕ ಕೊಟ್ಟರೆ ತೊಂದರೆಯಿಲ್ಲ. ಬೇರೆ ದೇಶದ ಪೌರರಾಗಿರುವ ಒ.ಸಿ.ಐ. ಕಾರ್ಡಿನವರದ್ದು ಕಾನೂನಿನ ಲೆಕ್ಕದಲ್ಲಿ ವಿದೇಶಿ ದೇಣಿಗೆ, ಅದನ್ನು ಪಡೆಯಲು ಬೇಕಾದ ಎಫ್.ಸಿ.ಆರ್.ಎ. ನೋಂದಣಿ ಇಲ್ಲದ ನಾವು ಮುಟ್ಟುವಂತಿಲ್ಲ. ಕೋಪಿಸಿಕೊಳ್ಳದೆ, ನೋಂದಣಿ ಇರುವ ಸಂಸ್ಥೆಗಳ ಮೂಲಕ ಅದೇ ಮಕ್ಕಳಿಗೆ ತಲುಪಿಸಿದ್ದು ಅವರ ದೊಡ್ಡತನ.

ಹುಟ್ಟುಹಬ್ಬಕ್ಕೆ ವಾರ್ಡಿಗೆ ಬರುತ್ತೇವೆ ಎಂದು ಕೇಳಿದವರಲ್ಲಿ ಒಂದು ವಿನಂತಿ. ಕ್ರೀಮ್ ಕೇಕು, ಹೂವಿನ ಬೊಕೆ, ಮೆತ್ತನೆಯ ಗೊಂಬೆ, ಹತ್ತು ಜನರ ಗುಂಪು, ಮಗುವಿನ ಜೊತೆ ಸೆಲ್ಫಿ, ಇವು ಐದೂ ಬೇಡ. ಸೋಪಿನಲ್ಲಿ ತೊಳೆಯಬಹುದಾದ ಪ್ಲಾಸ್ಟಿಕ್ ಆಟಿಕೆ, ಹೊಸ ಬಣ್ಣದ ಪೆನ್ಸಿಲ್, ದಪ್ಪ ಸಿಪ್ಪೆಯ ಕಿತ್ತಳೆ ಬಾಳೆಹಣ್ಣು ನರ್ಸುಗಳ ಕೈಗೆ ಕೊಟ್ಟರೆ ಸಾಕು. ನೆಗಡಿ ಇದ್ದರೆ ಅದೂ ಮುಂದಿನ ವಾರ.

ಎರಡನೇ ತಂಡದ ಮಕ್ಕಳು ಈಗ ಮೂರನೇ ತಿಂಗಳಲ್ಲಿದ್ದಾರೆ. ಮೊದಲ ತಂಡದ ಮನೆಗಳಿಂದ ಒಡೆಯದೆ ಮರಳಿದ ಕವರುಗಳಿಗೆ ಹೊಸ ಕಾರ್ಡು ಹಾಕಿ ಇವರಿಗೆ ಕೊಟ್ಟಿದ್ದೇವೆ. ಏಪ್ರಿಲ್ ಮೇ ಬಂದರೆ ಕಾಲೇಜುಗಳಿಗೆ ರಜೆ, ದಾನಿಗಳು ಊರಿಗೆ ಹೋಗಿರುತ್ತಾರೆ, ಪ್ರತಿ ವರ್ಷ ಪ್ಲೇಟ್ಲೆಟ್ ಪಟ್ಟಿ ಒಣಗುವುದು ಆಗಲೇ. ಆ ಎರಡು ತಿಂಗಳ ಸರದಿಯನ್ನು ಈಗಲೇ ಬರೆಯುತ್ತಿದ್ದೇವೆ. ಬಿ ನೆಗೆಟಿವ್ ಸಾಲಿನಲ್ಲಿ ಇನ್ನೂ ಯಾರ ಹೆಸರೂ ಇಲ್ಲ.