ಲಾಂಗ್ ಮಾರ್ಚ್ ಮುಗಿದ ಕೂಡಲೇ 1949 ಬರಲಿಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಚೀನಾ ಕ್ರಾಂತಿಯ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ 1935ರಲ್ಲಿ ಲಾಂಗ್ ಮಾರ್ಚ್ (ಸರ್ಕಾರದ ಸೈನ್ಯದಿಂದ ತಪ್ಪಿಸಿಕೊಳ್ಳಲು ಕಮ್ಯುನಿಸ್ಟರು ನಡೆದ ಬಲು ದೂರದ ನಡಿಗೆ) ಮುಗಿಸಿ ಶಾನ್‌ಶಿಯ ಗುಡ್ಡಗಾಡು ಸೇರಿದ ಕಮ್ಯುನಿಸ್ಟ್ ನಾಯಕ ಮಾವೊ, ಮುಂದಿನ ಪ್ಯಾರಾದಲ್ಲೇ 1949ರ ಅಕ್ಟೋಬರ್ 1ಕ್ಕೆ ಹೊಸ ಸರ್ಕಾರ ಸಾರಲು ಬೀಜಿಂಗ್‌ನ ತಿಯಾನನ್‌ಮೆನ್ ಮೇಲೆ ನಿಂತುಬಿಡುತ್ತಾನೆ. ನಡುವಿನ 14 ವರ್ಷ ಎಲ್ಲಿ ಹೋಯಿತು? ಜಪಾನಿನ ಜೊತೆ ನಡೆದ 8 ವರ್ಷದ ಯುದ್ಧಕ್ಕೆ ಸಿಕ್ಕಿರುವುದು ಒಂದೇ ವಾಕ್ಯ, ಅದೂ ಕಮ್ಯುನಿಸ್ಟರ ಮುಂದಾಳ್ತನದಲ್ಲಿ ಜಪಾನನ್ನು ಸೋಲಿಸಿದರು ಅಂತ. ಇದು ಬೀಜಿಂಗ್ ಸರ್ಕಾರ ಪೆರೇಡ್ ದಿನ ಹೇಳುವ ಕಥೆ. ನಾವೂ ಅದನ್ನೇ ಯಾಕೆ ಹೇಳಬೇಕು?

ನಾನು ಇತಿಹಾಸದ ಮೇಷ್ಟ್ರಲ್ಲ. ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ 34 ವರ್ಷ ಫಿಟ್ಟರ್ ಆಗಿದ್ದವನು. ಚೀನಾದ ಹುಚ್ಚು ಹಿಡಿದಿದ್ದೂ ಅಲ್ಲಿಂದಲೇ. ಎಚ್‌ಎಎಲ್ ಹುಟ್ಟಿದ್ದು 1940ರ ಡಿಸೆಂಬರ್‌ನಲ್ಲಿ, ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ ಮಾಡಿದ್ದು, ಇದು ಎಲ್ಲರಿಗೂ ಗೊತ್ತು. ಜೊತೆಗಿದ್ದ ವಿಲಿಯಂ ಪಾಲಿ ಅನ್ನುವ ಅಮೆರಿಕದವನು ಮಾತ್ರ ಯಾರಿಗೂ ನೆನಪಿಲ್ಲ. ಅವನು ಅದಕ್ಕೆ ಮುಂಚೆ ಚೀನಾದಲ್ಲಿ, ಆಗ ದೇಶ ಆಳುತ್ತಿದ್ದ ಕಮ್ಯುನಿಸ್ಟ್ ವಿರೋಧಿ ಚಿಯಾಂಗ್ ಕೈ ಷೇಕ್ ಸರ್ಕಾರಕ್ಕೆ ಯುದ್ಧವಿಮಾನ ಜೋಡಿಸಿ ಕೊಡುತ್ತಿದ್ದ. ಜಪಾನೀಯರು ಮುಂದೆ ಬಂದ ಹಾಗೆಲ್ಲ ಅವನ ಕಾರ್ಖಾನೆ ಹಿಂದಕ್ಕೆ ಓಡುತ್ತಿತ್ತು. ಮೊದಲು ಹಾಂಗ್‌ಜೌ, ಆಮೇಲೆ ಹಾಂಕೌ, ಕೊನೆಗೆ ಬರ್ಮಾ ಗಡಿ ಹತ್ತಿರದ ಲೋಯ್‌ವಿಂಗ್. ನಮ್ಮ ಕಾರ್ಖಾನೆಯ ಬೇರು ಆ ಯುದ್ಧದಲ್ಲೂ ಒಂಚೂರು ಇದೆ ಅಂತ ಗೊತ್ತಾದ ಮೇಲೆ ಸಿಕ್ಕಿದ್ದೆಲ್ಲ ಓದುತ್ತಾ ಹೋದೆ.

ಈಗ ವಿಷಯಕ್ಕೆ ಬರುತ್ತೇನೆ. 1936ರಲ್ಲಿ ಕಮ್ಯುನಿಸ್ಟರ ಹತ್ತಿರ ಏನಿತ್ತು? ವಾಯವ್ಯ ಮೂಲೆಯ ಬಡ ಜಿಲ್ಲೆಗಳು, ಲಾಂಗ್ ಮಾರ್ಚ್‌ನಲ್ಲಿ ಸತ್ತು ಉಳಿದ ಸೈನ್ಯ. ಇನ್ನೊಂದು ದೊಡ್ಡ ಏಟು ಕೊಟ್ಟರೆ ಮುಗಿಯಿತು ಅಂತ ಚಿಯಾಂಗ್ ಲೆಕ್ಕ ಹಾಕಿದ್ದ. ಜಪಾನೀಯರು ಚರ್ಮರೋಗ, ಕಮ್ಯುನಿಸ್ಟರು ಹೃದಯರೋಗ ಅನ್ನುವ ಪ್ರಸಿದ್ಧ ಮಾತು ಅವನದೇ. ಆ ಕೊನೆಯ ಏಟು ಹಾಕಬೇಕಾಗಿದ್ದವನು ಚಿಯಾಂಗ್‌ನ ಸೇನಾಪತಿ ಜಾಂಗ್ ಶುಲಿಯಾಂಗ್. ಚೀನಾದ ಈಶಾನ್ಯದ ಮಂಚೂರಿಯಾದ ದೊರೆಯಂತಿದ್ದ ಇವನ ಅಪ್ಪನನ್ನು 1928ರಲ್ಲಿ ಜಪಾನೀಯರು ರೈಲಿಗೆ ಬಾಂಬ್ ಇಟ್ಟು ಕೊಂದಿದ್ದರು. 1931ರಲ್ಲಿ ಮಂಚೂರಿಯಾವನ್ನೇ ಕಿತ್ತುಕೊಂಡರು. ಊರು ಕಳೆದುಕೊಂಡ ಅವನ ಸೈನಿಕರಿಗೆ, ಜಪಾನ್ ಬಿಡಿ, ಮೊದಲು ನಮ್ಮವರನ್ನೇ ಹೊಡೆಯಿರಿ ಅಂದರೆ ಹೊಟ್ಟೆ ಉರಿಯದೆ ಇರುತ್ತದಾ?

1936ರ ಡಿಸೆಂಬರ್ 12ರ ಬೆಳಗಿನ ಜಾವ, ಶಿಆನ್ ಹತ್ತಿರದ ಬಿಸಿನೀರಿನ ಬುಗ್ಗೆಯ ಬಂಗಲೆಗೆ ಜಾಂಗ್‌ನ ಸೈನಿಕರು ನುಗ್ಗಿದರು. ಇಡೀ ಚೀನಾದ ಸರ್ವಾಧಿಕಾರಿ ರಾತ್ರಿ ಉಡುಪಿನಲ್ಲೇ, ಕಟ್ಟಿಸಿಕೊಂಡ ಹಲ್ಲನ್ನೂ ಬಿಟ್ಟು ಓಡಿ, ಹಿಂದಿನ ಗುಡ್ಡದ ಬಂಡೆ ಸಂದಿಯಲ್ಲಿ ಅಡಗಿ ಕೂತಿದ್ದಾಗ ಸಿಕ್ಕಿಬಿದ್ದ. ಕೈಗೆ ಸಿಕ್ಕ ವೈರಿಯನ್ನು ವಿಚಾರಣೆಗೆ ನಿಲ್ಲಿಸಬೇಕು ಅನ್ನುವ ಮಾತು ಕಮ್ಯುನಿಸ್ಟರಲ್ಲಿ ಇತ್ತು. ಬೇಡ ಅಂದವನು ಸ್ಟಾಲಿನ್. ಅವನಿಗೆ ಜಪಾನನ್ನು ಚೀನಾದಲ್ಲೇ ಕಟ್ಟಿಹಾಕುವ ಒಬ್ಬ ಗಟ್ಟಿ ಆಸಾಮಿ ಬೇಕಿತ್ತು. ಕಮ್ಯುನಿಸ್ಟರ ಪರವಾಗಿ ಚೌ ಎನ್ ಲಾಯ್ ಶಿಆನ್‌ಗೆ ಬಂದ, ಚಿಯಾಂಗ್‌ನ ಹೆಂಡತಿ ಬಂದಳು, ಜಪಾನ್ ವಿರುದ್ಧ ಒಂದಾಗುವ ಮಾತುಕತೆ ಆಯಿತು, ಕ್ರಿಸ್‌ಮಸ್ ದಿನ ಬಿಡುಗಡೆ. ಅಂತರ್ಯುದ್ಧ ನಿಂತಿತು. ನಿಮ್ಮ ಲೇಖನದಲ್ಲಿ ಇದಕ್ಕೆ ಸಿಕ್ಕಿರುವ ಜಾಗ ಅರ್ಧ ಸಾಲು, ಅದರಲ್ಲೂ ಒಂದು ತಪ್ಪು. ಅದನ್ನು ಕೊನೆಗೆ ಹೇಳುತ್ತೇನೆ.

ಆರೇಳು ತಿಂಗಳಲ್ಲಿ, 1937ರ ಜುಲೈ 7ಕ್ಕೆ, ಬೀಜಿಂಗ್ ಪಕ್ಕದ ಮಾರ್ಕೊ ಪೋಲೊ ಸೇತುವೆ ಹತ್ತಿರ ಗುಂಡು ಹಾರಿತು, ಜಪಾನಿನ ಜೊತೆ ಯುದ್ಧ ಶುರುವಾಯಿತು. ಈ ಯುದ್ಧದಲ್ಲಿ ಎದುರಾಎದುರು ನಿಂತು ಸತ್ತವರು ಹೆಚ್ಚಿನಂಶ ಚಿಯಾಂಗ್‌ನ ಕುವೊಮಿಂಟಾಂಗ್ ಪಕ್ಷದ ಸೈನಿಕರು. ಶಾಂಘೈನಲ್ಲೇ ಮೂರು ತಿಂಗಳ ಕಾಳಗ. ಜರ್ಮನ್ನರು ತರಬೇತಿ ಕೊಟ್ಟು ಬೆಳೆಸಿದ ಅವನ ಒಳ್ಳೆಯ ಪಡೆಗಳೆಲ್ಲ ಅಲ್ಲೇ ಸವೆದುಹೋದವು. ಸತ್ತವರು, ಗಾಯಗೊಂಡವರು ಸೇರಿ ಸುಮಾರು 2 ಲಕ್ಷ. ಅದಾಗಿ ಡಿಸೆಂಬರ್‌ನಲ್ಲಿ ರಾಜಧಾನಿ ನಾನ್‌ಜಿಂಗ್, ಅಲ್ಲಿ ಜಪಾನೀಯರು ನಡೆಸಿದ ಕಗ್ಗೊಲೆಯ ಬಗ್ಗೆ ಮತ್ತೆ ಬರೆಯಲು ಮನಸ್ಸಿಲ್ಲ. ಕಮ್ಯುನಿಸ್ಟರು ಸುಮ್ನೆ ಕೂತಿದ್ದರು ಅನ್ನುವವರೂ ಇದ್ದಾರೆ, ಅದೂ ಸುಳ್ಳು. 1940ರಲ್ಲಿ ಅವರ ಸೇನಾಪತಿ ಪೆಂಗ್ ದೆಹುವಾಯ್ ಉತ್ತರದ ರೈಲು ಹಳಿಗಳನ್ನು ಮೈಲಿಗಟ್ಟಲೆ ಕಿತ್ತು ಹಾಕಿಸಿದ, ಅದಕ್ಕೆ ಜಪಾನೀಯರು ಹಳ್ಳಿಗೆ ಹಳ್ಳಿ ಸುಟ್ಟು ಸೇಡು ತೀರಿಸಿಕೊಂಡರು. ಆದರೆ ಅದರಾಚೆಗೆ ಅವರ ಬಹುಪಾಲು ಕೆಲಸ ಜಪಾನೀ ಸಾಲುಗಳ ಹಿಂದೆ, ಹಳ್ಳಿಗಳಲ್ಲಿ. ಗೇಣಿಯನ್ನು ಕಾಲು ಭಾಗ ಇಳಿಸು, ರೈತ ಸಂಘ ಕಟ್ಟು, ಹುಡುಗರನ್ನು ಸೇರಿಸಿಕೋ. 1937ರಲ್ಲಿ ಸುಮಾರು 40 ಸಾವಿರ ಇದ್ದ ಪಕ್ಷದ ಸದಸ್ಯರು 1945ಕ್ಕೆ 12 ಲಕ್ಷ ಆದರು. ಆ ಹೊತ್ತಿಗೆ ಚಿಯಾಂಗ್‌ನ ಸೈನ್ಯ ಸುಸ್ತಾಗಿತ್ತು.

ಬರೀ ಸುಸ್ತಾಗಿದ್ದರೆ ಪರವಾಗಿರಲಿಲ್ಲ, ಜನರ ಶಾಪವನ್ನೂ ಕಟ್ಟಿಕೊಂಡಿತ್ತು. ಇದಕ್ಕೆ ಹೆನಾನ್ ಪ್ರಾಂತ್ಯ ಒಂದನ್ನು ನೋಡಿದರೆ ಸಾಕು. 1938ರ ಜೂನ್‌ನಲ್ಲಿ ಜಪಾನೀಯರನ್ನು ತಡೆಯಲಿಕ್ಕೆ ಅಂತ ಚಿಯಾಂಗ್‌ನ ಸೈನ್ಯವೇ ಹುವಾಯುವಾನ್‌ಕೌ ಅನ್ನುವಲ್ಲಿ ಹಳದಿ ನದಿಯ ಏರಿ ಒಡೆಯಿತು. ಕೆಳಗಿನ ಹಳ್ಳಿಗಳಿಗೆ ಒಂದು ಮಾತು ಹೇಳಲಿಲ್ಲ, ಹೇಳಿದರೆ ಗುಟ್ಟು ರಟ್ಟಾಗುತ್ತದೆ ಅಂತ. ನದಿ ದಿಕ್ಕನ್ನೇ ಬದಲಿಸಿ ಮೂರು ಪ್ರಾಂತ್ಯಗಳ ಮೇಲೆ ಹರಿಯಿತು, ಹಳೆಯ ಪಾತ್ರಕ್ಕೆ ಮರಳಿದ್ದು 1947ರಲ್ಲಿ. ನೀರಿಗೆ, ಅದರ ಹಿಂದೆ ಬಂದ ಹಸಿವಿಗೆ, ರೋಗಕ್ಕೆ ಸತ್ತವರು 4 ಲಕ್ಷ ಅನ್ನುವವರಿಂದ 9 ಲಕ್ಷ ಅನ್ನುವವರವರೆಗೆ ಇದ್ದಾರೆ. ಮಾಡಿದ್ದು ಜಪಾನೀ ಬಾಂಬು ಅಂತ ಸರ್ಕಾರ ಸುದ್ದಿ ಹಬ್ಬಿಸಿತು. ಪ್ರಯೋಜನವೇನು ಅಂದರೆ ವುಹಾನ್ ನಗರ ಒಂದಷ್ಟು ತಿಂಗಳು ತಡವಾಗಿ ಬಿತ್ತು, ಅಷ್ಟೇ.

ಅದೇ ಹೆನಾನ್‌ಗೆ 1942ರಲ್ಲಿ ಬರ, ಹಿಂದೆಯೇ ಮಿಡತೆ. ಅಷ್ಟರಲ್ಲಿ ಕಂದಾಯವನ್ನು ಹಣದ ಬದಲು ಕಾಳಿನ ರೂಪದಲ್ಲೇ ಎತ್ತುವ ಪದ್ಧತಿ ಬಂದಿತ್ತು. ಬೆಳೆ ಹೋದರೂ ಸೈನ್ಯದ ಪಾಲು ಬಿಡಲಿಲ್ಲ, ಕಣದಲ್ಲಿ ಇದ್ದದ್ದನ್ನು ಗುಡಿಸಿ ಹೊತ್ತುಕೊಂಡು ಹೋದರು. 20ರಿಂದ 30 ಲಕ್ಷ ಜನ ಸತ್ತರು. ನಮ್ಮ ಬಂಗಾಳದಲ್ಲೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ, ಅಷ್ಟೇ ಜನ. ಅಲ್ಲಿನ ಸೇನಾಪತಿ ಟಾಂಗ್ ಎನ್ಬೊ. ನಮಗೆ ನಾಲ್ಕು ಪೀಡೆ, ನೆರೆ, ಬರ, ಮಿಡತೆ, ಟಾಂಗ್ ಅಂತ ಹೆನಾನ್ ಜನ ಹೇಳುತ್ತಿದ್ದರಂತೆ. 1944ರಲ್ಲಿ ಜಪಾನೀಯರು ಮತ್ತೆ ನುಗ್ಗಿದಾಗ ಓಡಿ ಬರುತ್ತಿದ್ದ ಟಾಂಗ್‌ನ ಸೈನಿಕರನ್ನು ರೈತರೇ ಕುಡುಗೋಲು, ಗುದ್ದಲಿ ಹಿಡಿದು ಅಡ್ಡಗಟ್ಟಿ ಬಂದೂಕು ಕಿತ್ತುಕೊಂಡರು. ತಮ್ಮದೇ ದೇಶದ ಸೈನಿಕರನ್ನು! ನನಗೆ ಕೇಳಿದರೆ ಚಿಯಾಂಗ್ ಸೋತಿದ್ದು ಅವತ್ತೇ.

ಉಳಿದದ್ದು ಗೊತ್ತಿರುವುದೇ. ಜಪಾನ್ ಶರಣಾಯಿತು, ವರ್ಷ ತಿರುಗುವುದರೊಳಗೆ ಅಂತರ್ಯುದ್ಧ, ನೋಟು ಅಚ್ಚು ಹಾಕಿ ಹಾಕಿ ಕಡೆಗೆ 1948ರ ಆಗಸ್ಟ್‌ನಲ್ಲಿ ಹೊಸ ಚಿನ್ನದ ಯುವಾನ್ ತಂದರು. 30 ಲಕ್ಷ ಹಳೇ ನೋಟಿಗೆ ಒಂದು ಹೊಸದು. ಮನೆಯ ಚಿನ್ನ ಬೆಳ್ಳಿ ಸರ್ಕಾರಕ್ಕೆ ಒಪ್ಪಿಸಿ ಈ ಕಾಗದ ತೆಗೆದುಕೊಳ್ಳಿ ಅಂತ ಹುಕುಂ. ಪಾಪ, ಶಾಂಘೈನ ಮಧ್ಯಮ ವರ್ಗದವರು ನಂಬಿ ಕೊಟ್ಟರು. ಕೆಲವೇ ತಿಂಗಳಲ್ಲಿ ಅದೂ ರದ್ದಿ. ಹಳ್ಳಿ ಮೊದಲೇ ಹೋಗಿತ್ತು, ಈಗ ಪಟ್ಟಣವೂ ಕೈಬಿಟ್ಟಿತು.

ಇದನ್ನೆಲ್ಲ ಚಿಯಾಂಗ್ ಪರ ವಕಾಲತ್ತು ಅಂದುಕೊಳ್ಳಬೇಡಿ. ಮಾವೊ ಗೆಲ್ಲಲೇ ಇಲ್ಲ ಅಂತಲೂ ಅಲ್ಲ. 1948ರಲ್ಲಿ ಕಮ್ಯುನಿಸ್ಟ್ ಸೈನ್ಯ ಚಾಂಗ್‌ಚುನ್ ನಗರಕ್ಕೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಒಳಗಿನ ಜನ ಹಸಿವಿನಿಂದ ಸಾಯುವ ಹಾಗೆ ಮಾಡಿದ್ದೂ ನಿಮ್ಮ ಲೇಖನದಲ್ಲಿ ಇಲ್ಲ, ಅದೂ ಇರಬೇಕಿತ್ತು. ಆ 8 ವರ್ಷ ಬಿಟ್ಟು 1949 ಅರ್ಥ ಆಗುವುದಿಲ್ಲ, ನನ್ನ ತಕರಾರು ಇಷ್ಟೇ.

ಇನ್ನು ಆ ತಪ್ಪು. ಚಿಯಾಂಗ್‌ನನ್ನು ಹಿಡಿದ ಜಾಂಗ್ ಶುಲಿಯಾಂಗ್‌ನನ್ನು ಗುಂಡಿಕ್ಕಿ ಕೊಂದರು ಅಂತ ಬರೆದಿದ್ದೀರಿ. ಕೊಂದಿದ್ದು ಅವನ ಜೊತೆಗಾರ ಯಾಂಗ್ ಹುಚೆಂಗ್‌ನನ್ನು, 1949ರಲ್ಲಿ ಚೊಂಗ್‌ಚಿಂಗ್‌ನಲ್ಲಿ. ಜಾಂಗ್, ಚಿಯಾಂಗ್ ಬಿಡುಗಡೆಯಾದ ದಿನ ಅವನ ಜೊತೆ ತಾನೇ ವಿಮಾನ ಹತ್ತಿ ನಾನ್‌ಜಿಂಗ್‌ಗೆ ಹೋದ, ಇಳಿದ ಮೇಲೆ ಬಂಧನ, ಆ ಬಂಧನ ಮುಂದೆ ತೈವಾನ್ ಸೇರಿ 50 ವರ್ಷಕ್ಕೂ ಜಾಸ್ತಿ ನಡೆಯಿತು. ಚಿಯಾಂಗ್‌ಗೂ ಮಾವೊಗೂ ಮುಂಚೆ ಸಾಯಬೇಕಿದ್ದವನು ಇಬ್ಬರನ್ನೂ ದಾಟಿ ಬದುಕಿ, 2001ರಲ್ಲಿ ಹವಾಯಿಯ ಹೊನೊಲುಲುವಿನಲ್ಲಿ, ನೂರು ತುಂಬಿಸಿಕೊಂಡು ತೀರಿಕೊಂಡ. ಬಿಡುಗಡೆ ಆದಮೇಲೂ ಮಂಚೂರಿಯಾಕ್ಕೆ ಒಂದು ಸಲವೂ ಹೋಗಲಿಲ್ಲ. ತಿದ್ದುಪಡಿ ಹಾಕುವುದಾದರೆ ದಯವಿಟ್ಟು ಇದನ್ನು ಹಾಕಿ.

ಇಂತಿ,
ನಿಮ್ಮ ಹಳೆಯ ಓದುಗ
ವಿಮಾನಪುರ, ಬೆಂಗಳೂರು