ಕುತ್ತಿ ಪೂಜೆಗೆ ಮೊದಲು ಮಗಳಿಗೊಂದು ಪತ್ರ

ಮಗಳೇ,

ಭಾನುವಾರ ನೀನು ಫೋನ್ ಇಟ್ಟ ಮೇಲೆ ಅಮ್ಮ ನನ್ನ ಹತ್ತಿರ ಮಾತು ಬಿಟ್ಟಿದ್ದಾಳೆ. ಗುರುವಾರ ನಿನ್ನ ಹೊಸ ಮನೆಯ ಕುತ್ತಿ ಪೂಜೆ, ಗೂಟ ನೆಡುವ ದಿನ. ಒಮ್ಮೆ ನೂಲು ಹಿಡಿದು ಗೆರೆ ಹಾಕಿದರೆ ಆಮೇಲೆ ಯಾರೂ ಗೋಡೆ ಸರಿಸುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತು, ಬೇರೆಯವರ ಮನೆಗೆ ಆ ಗೆರೆ ಹಾಕಿಯೇ ನಿನ್ನ ಫೀಸು ಕಟ್ಟಿದ್ದು. ಹಾಗಾಗಿ ಬರೆಯುತ್ತಿದ್ದೇನೆ. ದನಿ ಏರಿಸಿದ್ದಕ್ಕೆ ಬೇಸರ ಮಾಡಬೇಡ. ಹೇಳಿದ ವಿಷಯವನ್ನು ಮಾತ್ರ ನಾನು ಬಿಡುವುದಿಲ್ಲ.

ಪ್ಲಾನ್ ಚೆನ್ನಾಗಿದೆ, ಅದನ್ನು ಮೊದಲು ಹೇಳುತ್ತೇನೆ. ಬೆಂಗಳೂರಿನಲ್ಲಿ ಆಫೀಸು ಮುಗಿಸಿ ಬಂದು ರಾತ್ರಿ ಕೂತು ನೀನೇ ಬಿಡಿಸಿದ್ದು ಎಂದು ಅಳಿಯಂದಿರು ಹೇಳಿದರು. ಪ್ರಿಂಟ್ ತೆಗೆಸಲು ಬದಿಯಡ್ಕ ಪೇಟೆಗೆ ಹೋದವನು ಅಂಗಡಿಯವನಿಗೆ, ಚಹಾ ಕುಡಿಯುತ್ತಿದ್ದವರಿಗೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ತೋರಿಸಿದ್ದೇನೆ. 10 ಸೆಂಟ್ಸ್ ಜಾಗ, 1,000 ಚದರಡಿ ಮನೆ, ಸಾಲವೂ ಕಮ್ಮಿ. ದೊಡ್ಡದಾಗಿ ಕಟ್ಟಿ ಅರ್ಧ ಮನೆಗೆ ಬೀಗ ಹಾಕಿಟ್ಟವರು ನಮ್ಮ ಊರಲ್ಲಿ ಬೇಕಾದಷ್ಟಿದ್ದಾರೆ.

ಆದರೆ ಹಿಂದುಗಡೆ ‘ಅಪ್ಪ ಅಮ್ಮ’ ಎಂದು ಬರೆದ ಕೋಣೆ ಇದೆಯಲ್ಲ, 10 ಅಡಿಗೆ 11 ಅಡಿ. ಅದರ ಪಶ್ಚಿಮದ ಗೋಡೆಯನ್ನು ಪೂರ್ತಿ ಬಚ್ಚಲು ತಿಂದಿದೆ. ದಕ್ಷಿಣದಲ್ಲಿ ವರ್ಕ್ ಏರಿಯಾ, ಅಡಿಗೆಯ ಮೇಲ್ಗೆಲಸದ ಜಾಗ. ಇರುವ ಒಂದೇ ಕಿಟಕಿ ಅದರೊಳಗೆ ತೆರೆಯುತ್ತದೆ. ಕಿಟಕಿ ತೆಗೆದರೆ ಕಾಣುವುದು ಗ್ಯಾಸ್ ಸಿಲಿಂಡರ್. ‘ಮಲಗುವುದಕ್ಕೆ ತಾನೇ ಅಪ್ಪಾ, ಹಗಲೆಲ್ಲ ಹಾಲ್‌ನಲ್ಲೇ ಇರುತ್ತೀರಲ್ಲ’ ಎಂದೆ ನೀನು.

ಅಜ್ಜಿಯೂ ಮಲಗುವುದಕ್ಕೆ ಅಂತಲೇ ನಡುಕೋಣೆಗೆ ಹೋದದ್ದು.

ಅವರು ಬಿದ್ದದ್ದು, ಆಸ್ಪತ್ರೆ, ಅದೆಲ್ಲ ನಿನಗೂ ನೆನಪಿದೆ, ಬಿಡು. ನಿನಗೆ ಗೊತ್ತಿಲ್ಲದ್ದು ಆ ಕೋಣೆಯ ವಿಷಯ, ನೀನು ಆಗ ಹಾಸ್ಟೆಲ್‌ನಲ್ಲಿದ್ದೆ. ಪಾಲಾದ ಮನೆ. ಒಂದು ಗೋಡೆಯ ಆಚೆ ದೊಡ್ಡಪ್ಪನ ಪಾಲು, ಇನ್ನೊಂದರ ಆಚೆ ಅಡಿಗೆಕೋಣೆ, ಕಿಟಕಿ ಇಡಲು ಜಾಗವೇ ಇಲ್ಲ. ಮಾಡಿನಲ್ಲಿ ಒಂದು ಗಾಜಿನ ಹಂಚು ಇತ್ತು. ಅದರಿಂದ ಅಂಗೈಯಗಲ ಬಿಸಿಲು ಬೀಳುತ್ತಿತ್ತು. ಬೆಳಿಗ್ಗೆ ಗೋಡೆಯ ಮೇಲೆ, ಹೊತ್ತು ಏರಿದ ಹಾಗೆ ಇಳಿದು ನೆಲಕ್ಕೆ, ಆಮೇಲೆ ಭತ್ತ ತುಂಬಿಡುವ ಪತ್ತಾಯದ ಕಾಲಿಗೆ. ಪತ್ತಾಯ ಮುಟ್ಟಿತೋ, ‘ಕಾಫಿ ಆಯ್ತಾ’ ಎಂದು ಕೇಳುತ್ತಿದ್ದರು. ಅವರಿಗೆ ಗಡಿಯಾರ ಬೇಡ.

ಮಳೆಗಾಲದಲ್ಲಿ ಅದೂ ಇಲ್ಲ. ಹಂಚಿನ ಸದ್ದು ಒಂದೇ. ಮಳೆ ಎಷ್ಟು ಜೋರು, ಗಾಳಿ ಯಾವ ಕಡೆಯದ್ದು ಎಲ್ಲ ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಆದರೆ ಅಂಗಳಕ್ಕೆ ಯಾರು ಬಂದರು ಅಂತ ಮಾತ್ರ ತಿಳಿಯುವುದಿಲ್ಲ. ನಾಯಿ ಬೊಗಳಿದರೆ ‘ಯಾರದು? ಯಾರು ಬಂದದ್ದು?’ ಎಂದು ಕರೆಯುತ್ತಲೇ ಇರುವುದು, ಬಂದವರು ಹೋದ ಮೇಲೂ. ನಾನು ಹಗಲಿಡೀ ಇನ್ನೊಬ್ಬರ ಮನೆಗೆ ಕಿಟಕಿ ಕೂರಿಸಿ ಬಂದು, ಕೈಕಾಲಿನ ಸಿಮೆಂಟು ತೊಳೆಯುವ ಮೊದಲೇ ಆ ಬಾಗಿಲಲ್ಲಿ ನಿಂತು ಉತ್ತರ ಕೊಡಬೇಕು. ನಾನೇ, ಅಮ್ಮಾ. ಯಾರದು? ನಾನೇ. ನಿನ್ನ ಪ್ಲಾನಿನ ಆ ಕೋಣೆ ನೋಡಿದರೆ ಕಿವಿಗೆ ಬರುವುದು ಅದೇ. ನಾಳೆ ನಾನು ಮಲಗುತ್ತೇನೋ ಅಮ್ಮ ಮಲಗುತ್ತಾಳೋ, ಇಬ್ಬರಲ್ಲಿ ಒಬ್ಬರಂತೂ ಮಲಗಿಯೇ ಮಲಗುತ್ತೇವೆ.

ಸರಿ, ಇನ್ನು ಮೇಸ್ತ್ರಿಯಾಗಿ ಹೇಳುತ್ತೇನೆ. ಬಚ್ಚಲನ್ನು ಪಶ್ಚಿಮಕ್ಕೆ ಹಾಕಿದ್ದು ಬುದ್ಧಿವಂತಿಕೆಯೇ. ಸಂಜೆ ಬಿಸಿಲು ಓರೆಯಾಗಿ ಬರುತ್ತದೆ, ಸನ್‌ಶೇಡ್‌ಗೆ ನಿಲ್ಲುವುದಿಲ್ಲ, ಬಚ್ಚಲು ತಡೆಯುತ್ತದೆ. ಆದರೆ 11 ಅಡಿ ಉದ್ದದ ಬಚ್ಚಲು ಯಾಕೆ? 8 ಅಡಿ ಸಾಕು. ಉಳಿದ 3 ಅಡಿಯಲ್ಲಿ 2 ಅಡಿ ಅಗಲದ ಕಿಟಕಿ ಬರುತ್ತದೆ. ವರ್ಕ್ ಏರಿಯಾವನ್ನು ಅಡಿಗೆಕೋಣೆಯ ಪೂರ್ವಕ್ಕೆ ಸರಿಸು, ಬಾವಿಯೂ ಆ ಕಡೆಗೇ ಅಲ್ವಾ. ಆಗ ದಕ್ಷಿಣದ ಗೋಡೆ ಬಿಡುವಾಗುತ್ತದೆ, ಅಲ್ಲಿ 4 ಅಡಿ ಅಗಲದ ಕಿಟಕಿ ಇಡು. ಒಂದೇ ಗೋಡೆಯಲ್ಲಿ ಎಷ್ಟು ದೊಡ್ಡದು ಇಟ್ಟರೂ ಪ್ರಯೋಜನ ಕಮ್ಮಿ, ಬಂದ ಗಾಳಿಗೆ ಹೋಗಲು ಇನ್ನೊಂದು ದಾರಿ ಬೇಕು. ನಮ್ಮಂಥ ಸೆಕೆ, ತೇವದ ಊರಿಗೆ ನೆಲದ ಆರನೇ ಒಂದು ಪಾಲಾದರೂ ಕಿಟಕಿ ಇರಬೇಕು ಎಂದು ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲೇ ಇದೆ. 110 ಚದರಡಿ ಕೋಣೆಗೆ 18ಕ್ಕೂ ಜಾಸ್ತಿ ಆಯಿತು. ನೀನು ಕೊಟ್ಟದ್ದು 12. ಮತ್ತೆ ಕಿಟಕಿಯ ತಳ ನೆಲದಿಂದ 2 ಅಡಿಗೇ ಇರಲಿ. ಮಂಚವೇ ಒಂದೂವರೆ ಅಡಿ ಇರುತ್ತದೆ, ಮಲಗಿದವರಿಗೆ ಗುಡ್ಡದಿಂದ ಇಳಿಯುವ ದಾರಿ ಕಾಣಬೇಕು.

ಕೋಣೆ ದೊಡ್ಡದು ಮಾಡು ಅಂತ ನಾನು ಹೇಳುತ್ತಿಲ್ಲ. ದೊಡ್ಡ ಕೋಣೆಯಲ್ಲೂ ಉಸಿರು ಕಟ್ಟುತ್ತದೆ. ಜಾಗ ಬೇಕಿದ್ದರೆ ಆ ಕಾರಿಡಾರ್ ತೆಗೆ. ಮೂರೂವರೆ ಅಡಿ ಅಗಲ, 18 ಅಡಿ ಉದ್ದ. 63 ಚದರಡಿ ಸುಮ್ನೆ ನಡೆದು ಹೋಗಲು! ಅದನ್ನು ಹಾಲ್‌ಗೆ ಸೇರಿಸಿ ಕೋಣೆಗಳ ಬಾಗಿಲನ್ನು ಊಟದ ಮೇಜಿನ ಕಡೆಗೆ ಇಡು. ಎದುರು ಬಾಗಿಲಲ್ಲಿ ನಿಂತವನಿಗೆ ಹಿಂದಿನ ಕಿಟಕಿಯಾಚೆ ಅಡಿಕೆ ತೋಟ ಕಾಣಬೇಕು. ನೋಟ ಗೋಡೆಗೆ ತಾಗದೆ ಹೊರಗೆ ಹೋದರೆ ಸಣ್ಣ ಮನೆಯೂ ಇಕ್ಕಟ್ಟು ಅನಿಸುವುದಿಲ್ಲ. ಬಾಗಿಲುಗಳು ಗೋಡೆಯ ಮಧ್ಯ ಬೇಡ, ಮೂಲೆಗೆ ಸರಿಯಲಿ, ಮಂಚಕ್ಕೆ ಕಪಾಟಿಗೆ ಗೋಡೆ ಉಳಿಯುತ್ತದೆ. ಬಚ್ಚಲ ಬಾಗಿಲಿಗೆ ಎರಡೂವರೆ ಅಡಿ ಬರೆದಿದ್ದೀಯ. 3 ಮಾಡು. ಗಾಲಿಕುರ್ಚಿ ದಾಟಿಸುವಾಗ ಬೆರಳ ಗೆಣ್ಣು ದಾರಂದಕ್ಕೆ ಉಜ್ಜುತ್ತದೆ. ಅಜ್ಜಿಯ ಕೈ ನೋಡಿದ್ದೀಯಲ್ಲ.

ಇನ್ನು ಮನೆಯ ಮುಂಭಾಗದ ಆ ಪೆಟ್ಟಿಗೆ ಥರದ ಎಲಿವೇಶನ್. ಚಿತ್ರದಲ್ಲಿ ಚಂದ, ಒಪ್ಪುತ್ತೇನೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆ ನಮ್ಮ ಕಾಸರಗೋಡು. ಮಾಡು ಹೊರಗೆ ಚಾಚದಿದ್ದರೆ ಎರಚಲು ನೇರ ಕಿಟಕಿಗೇ ಹೊಡೆಯುತ್ತದೆ. ಕಿಟಕಿ ಇಟ್ಟೂ ನಾಲ್ಕು ತಿಂಗಳು ಮುಚ್ಚಿ ಕೂರಬೇಕು. ಆಮೇಲೆ ತಾರಸಿ ಸೋರಿತು ಅಂತ ಅದರ ಮೇಲೆ ಶೀಟು ಹಾಕಿಸುವುದು. ನಮ್ಮ ರಸ್ತೆಯಲ್ಲೇ ಒಮ್ಮೆ ತಲೆ ಎತ್ತಿ ನಡೆ, ಎಷ್ಟು ಹೊಸ ಮನೆಗಳಿಗೆ ಶೀಟಿನ ಟೋಪಿ ಬಂದಿದೆ ನೋಡು. ಮೊದಲೇ ಇಳಿಜಾರು ಮಾಡಿ 3 ಅಡಿ ಚಾಚಿಸು. ಹಳೆ ಮನೆಯ ಮಂಗಳೂರು ಹಂಚು ಕೊಟ್ಟಿಗೆಯಲ್ಲಿ ಪೇರಿಸಿಟ್ಟದ್ದು ಇದೆ. ತಿರುವನಂತಪುರದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಮಾಡಿ ತೋರಿಸಿದ ಹಾಗೆ ಸ್ಲ್ಯಾಬಿನ ಕೆಳಗಿನ ಪದರದಲ್ಲಿ, ಕಬ್ಬಿಣದ ಸರಳುಗಳ ನಡುವೆ, ಅದನ್ನು ಇಡಬಹುದು. ಆ ಜಾಗದ ಕಾಂಕ್ರೀಟ್ ಹೇಗೂ ಭಾರ ಹೊರುವುದಿಲ್ಲ. ಸಿಮೆಂಟು ಕಮ್ಮಿ, ಕಬ್ಬಿಣ ಕಮ್ಮಿ, ಸೆಕೆಯೂ ಕಮ್ಮಿ. ಗೊತ್ತಿರುವ ಕೆಲಸದವರು ಮಾತ್ರ ಬೇಕು. ಹುಡುಕಿ ಕೊಡುವ ಜವಾಬ್ದಾರಿ ನನ್ನದು.

ಅಮ್ಮ ಹಿಂದಿನಿಂದ ಬಗ್ಗಿ ಓದಿ ‘ಇದು ಪತ್ರವೋ ಎಸ್ಟಿಮೇಟೋ’ ಎಂದಳು. ಭಾನುವಾರದ ಮೇಲೆ ನನ್ನ ಹತ್ತಿರ ಆಡಿದ ಮೊದಲ ಮಾತು. ನಿನಗೆ ಬೇಕಾದ ಹಾಗೆ ಕಟ್ಟಿಕೊಳ್ಳಲು ಬಿಡಬೇಕಂತೆ, ನಿನ್ನ ದುಡ್ಡು, ನಿನ್ನ ಮನೆ. ಅದು ನನಗೂ ಗೊತ್ತಿದೆ. ಅಡಿಗೆಕೋಣೆ ಹೇಗೆ ಬೇಕಾದರೂ ಮಾಡು, ನಾನು ಬಾಯಿ ಹಾಕುವುದಿಲ್ಲ. ಬಣ್ಣಕ್ಕೂ ಇಲ್ಲ. ಆ ಕೋಣೆಯ ಎರಡು ಕಿಟಕಿ ಮಾತ್ರ ಸರಿಮಾಡಿ ಬುಧವಾರದೊಳಗೆ ಕಳಿಸು, ಅಂಕಿ ಸ್ವಲ್ಪ ದೊಡ್ಡದಾಗಿ ಬರೆ. ಖರ್ಚು ಜಾಸ್ತಿ ಆದರೆ ಕಾರ್ ಪೋರ್ಚ್ ಈಗ ಬಿಡು, ಕಾರು ಹಲಸಿನ ಮರದಡಿ ನಿಲ್ಲುತ್ತದೆ, ಹಣ್ಣು ಬೀಳುವ ಕಾಲದಲ್ಲಿ ಸ್ವಲ್ಪ ಆಚೆ ನಿಲ್ಲಿಸಿದರಾಯಿತು. ಅಷ್ಟೂ ಆಗುವುದಿಲ್ಲವಾದರೆ ಆ ಕೋಣೆಗೆ ‘ಸ್ಟೋರ್’ ಎಂದು ಬರೆ. ನಾವು ಹಾಲ್‌ನಲ್ಲಿ ಮಲಗುತ್ತೇವೆ.

ಅಪ್ಪ