ಬ್ರೇಕ್ ದ್ರವ, ಬುಷ್ ಬದಲಿಸುವವರ ಗಮನಕ್ಕೆ

ಸದಸ್ಯರೇ, ಟ್ರ್ಯಾಕ್ ದಿನಕ್ಕೆ (ರೇಸ್ ಟ್ರ್ಯಾಕಿನಲ್ಲಿ ನಮ್ಮ ಕಾರು ಓಡಿಸುವ ದಿನ) ಬರುವ ಮುನ್ನ ಬ್ರೇಕ್ ದ್ರವ ಬದಲಿಸಿಕೊಂಡೇ ಬನ್ನಿ. ಹಳೆಯದು ಗಾಳಿಯ ತೇವ ಹೀರಿಕೊಂಡಿರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ದ್ರವದ ಕುದಿಬಿಂದು ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್; ಶೇ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವ ಕುದಿದು ಗುಳ್ಳೆಯೆದ್ದರೆ ಬ್ರೇಕ್ ಹಿಡಿಯುವುದಿಲ್ಲ. ಕಳೆದ ಸಲ ಮೂರನೆಯ ಸುತ್ತಿನಲ್ಲೇ ನನ್ನ ಪೆಡಲ್ ಒದ್ದೆ ಸ್ಪಂಜಿನಂತೆ ತಳ ಮುಟ್ಟಿತು; ಎದೆ ಧಸಕ್ಕೆಂದಿತು. ಡಾಟ್ 5.1 ಆದರೆ ಇನ್ನೂ ಒಳ್ಳೆಯದು: ಹೊಸದಿದ್ದಾಗ ಕನಿಷ್ಠ 260, ನೀರು ಸೇರಿದಾಗ 180. ಡಾಟ್ 5 ಮಾತ್ರ ಬೇಡ. ಹೆಸರು ಹತ್ತಿರವಿದ್ದರೂ ಅದು ಸಿಲಿಕೋನ್, ಇವುಗಳೊಂದಿಗೆ ಬೆರೆಯುವುದಿಲ್ಲ. ಬಣ್ಣದ ಮೇಲೆ ಹನಿ ಬಿದ್ದರೆ ಒರೆಸುತ್ತ ಕೂರದೆ ತಕ್ಷಣ ನೀರು ಸುರಿಯಿರಿ.

ಇನ್ನು ಬುಷ್, ಅಂದರೆ ಸಸ್ಪೆನ್ಷನ್ ಕೀಲುಗಳಲ್ಲಿ ಕೂರುವ ರಬ್ಬರ್ ಮೆತ್ತೆ. ರಬ್ಬರಿನ ಬದಲು ಅದಕ್ಕಿಂತ ಗಟ್ಟಿಯಾದ ಪಾಲಿಯುರೆಥೇನ್ ಹಾಕಿದರೆ ತಿರುವಿನಲ್ಲಿ ಕಾರು ಚುರುಕಾಗುತ್ತದೆ, ನಿಜ. ಆದರೆ ರಸ್ತೆಯ ಪ್ರತಿ ಹರಳೂ ಬೆನ್ನಿಗೆ ವರದಿ ಒಪ್ಪಿಸುತ್ತದೆ. ದಿನಬಳಕೆಯ ಕಾರಿಗೆ, ಚಕ್ರವನ್ನು ಕಾರಿನ ಮೈಗೆ ಜೋಡಿಸುವ ಮುಂದಿನ ಕಂಟ್ರೋಲ್ ಆರ್ಮ್‌ಗಳಿಗಷ್ಟೇ ಸಾಕೆಂಬುದು ನನ್ನ ಅಭಿಪ್ರಾಯ. ಗ್ರೀಸ್ ಹಚ್ಚದೆ ಕೂರಿಸಿದರೆ ಕಿರುಗುಟ್ಟುತ್ತದೆ. ರಬ್ಬರನ್ನೇ ಉಳಿಸಿಕೊಳ್ಳುವವರು ಬೋಲ್ಟನ್ನು ಕೊನೆಯದಾಗಿ ಬಿಗಿಯಬೇಕಾದದ್ದು ಕಾರಿನ ಭಾರ ಚಕ್ರಗಳ ಮೇಲಿರುವಾಗ. ಜ್ಯಾಕ್ ಮೇಲಿರುವಾಗಲೇ ಬಿಗಿದರೆ ರಬ್ಬರ್ ತಿರುಚಿಕೊಂಡೇ ಉಳಿದು ಬೇಗ ಹರಿಯುತ್ತದೆ. ಆಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಅದರ ಚೀಟಿಯ ಚಿತ್ರವನ್ನು ಇಲ್ಲಿ ಹಾಕಿ.